ಕ್ಲಚ್ಚಿಲ್ಲದ ಲಾರಿ

ಎರಡು ಕಂಪ್ಯೂಟರುಗಳ ನಡುವೆ ತಂತಿ ಎಳೆದು ಇಬ್ಬರನ್ನು ಒಂದೇ ಆಟದೊಳಗೆ ಬಿಟ್ಟವರಲ್ಲಿ ಪಾಂಡವಪುರದಲ್ಲಿ ನಾನೇ ಮೊದಲಿಗ. ಅಲ್ಲ ಅನ್ನುವವರಿದ್ದರೆ ಬರಲಿ, ಕಾಫಿ ಕುಡಿಸಿ ವಾದ ಮಾಡುತ್ತೇನೆ. ಶ್ರೀರಂಗಪಟ್ಟಣದಲ್ಲಿ ಆಗ ಕಂಪ್ಯೂಟರ್ ಕಲಿಸುವ ಒಂದೆರಡು ಕಡೆ ಇದ್ದವು, ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ಬೋರ್ಡು ಬರೆಸಿದವರಿದ್ದರು. ಅಲ್ಲೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದವರ ಹಾಗೆ ಕೂತು ಕಲಿಯಬೇಕಿತ್ತು. ನನ್ನ ಅಂಗಡಿಗೆ ಮೈಗೆ ಕಬ್ಬಿನ ಸೋಗೆ ಅಂಟಿಸಿಕೊಂಡೇ ಬರಬಹುದಿತ್ತು.

ನನ್ನದು ಟಿ.ವಿ., ರೇಡಿಯೋ ರಿಪೇರಿ ಅಂಗಡಿ. ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ, ಕಂಪ್ಯೂಟರು ಅನ್ನುವುದನ್ನೂ ಬಿಚ್ಚಿ ನೋಡಬೇಕೆಂಬ ಹುಚ್ಚು ಹತ್ತಿ, ಮೈಸೂರಿನಿಂದ ಬಿಡಿಭಾಗಗಳನ್ನು ಒಂದೊಂದಾಗಿ ತಂದು ನಾನೇ ಜೋಡಿಸಿದೆ. ಬಿಡಿಭಾಗ ಕೊಟ್ಟವನು ಆಟದ ಒಂದು ಸಿ.ಡಿ.ಯನ್ನೂ ಕೊಟ್ಟಿದ್ದ. ಅದುವರೆಗೆ ಟಿ.ವಿ.ಗೆ ಸಿಕ್ಕಿಸುವ ವಿಡಿಯೋ ಗೇಮುಗಳನ್ನು ಬೇಕಾದಷ್ಟು ರಿಪೇರಿ ಮಾಡಿದ್ದೆ. ಅವುಗಳಲ್ಲಿ ಗೊಂಬೆ ಎಡದಿಂದ ಬಲಕ್ಕೆ ಓಡಬೇಕು, ಹಳ್ಳ ಬಂದರೆ ಹಾರಬೇಕು, ಕಥೆ ಮುಗಿಯಿತು. ಇದು ಹಾಗಿರಲಿಲ್ಲ. ಯಾವುದೋ ಪರದೇಶದ ದೊಡ್ಡ ಪಟ್ಟಣ, ಅದರ ತುಂಬ ರಸ್ತೆ, ಸೇತುವೆ, ನದಿ, ಪಾರ್ಕು. ಕಾರೋ ಬಸ್ಸೋ ಲಾರಿಯೋ ಹಿಡಿದುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ರೇಸು ಬೇಕಾದವರಿಗೆ ರೇಸು, ಬೇಡವಾದವರಿಗೆ ಸುಮ್ಮನೆ ತಿರುಗಾಟ. ಮೊದಲ ದಿನ ನಾನು ರಸ್ತೆ ಬಿಟ್ಟು ಪಾರ್ಕಿನ ಹುಲ್ಲಿನ ಮೇಲೆ ಕಾರು ಓಡಿಸಿದಾಗ ಯಾರೂ ಬೈಯಲಿಲ್ಲವಲ್ಲ ಎಂದೇ ಆಶ್ಚರ್ಯಪಟ್ಟೆ.

ಆ ಆಟದ ಕಥೆಯೊಳಗೆ ನನ್ನ ಭಾವನ ಕಥೆ ಇದೆ. ನಾನು ಹೇಳಬೇಕೆಂದಿರುವುದು ಅದನ್ನೇ.

ನನ್ನ ಅಕ್ಕನನ್ನು ಚಿನಕುರಳಿಗೆ ಕೊಟ್ಟಿತ್ತು. ಭಾವ ಜಲ್ಲಿ ಹೊರುವ ಲಾರಿಯ ಡ್ರೈವರು. ಕ್ವಾರಿಯಿಂದ ಕಲ್ಲು ತುಂಬಿಕೊಂಡು ನಾಗಮಂಗಲದ ಕಡೆಗೂ ಕೆ.ಆರ್. ಪೇಟೆಯ ಕಡೆಗೂ ಹೋಗುತ್ತಿದ್ದರು. ಎದುರಿಗೆ ಬರುವ ಪ್ರತಿ ಲಾರಿಯವನೂ ಕೈ ಎತ್ತುತ್ತಿದ್ದ, ಇವರೂ ಎತ್ತುತ್ತಿದ್ದರು. ಒಮ್ಮೆ ರಸ್ತೆ ಬದಿಯಲ್ಲಿ ಟೈರು ಬದಲಿಸುವಾಗ ಜಾಕು ಜಾರಿ ಎಡಗಾಲು ಸಿಕ್ಕಿಕೊಂಡಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಕೋಲು ಹಿಡಿದು ನಡೆಯುವಷ್ಟಾಯಿತು. ಲಾರಿಯ ಕ್ಲಚ್ಚು ಒತ್ತಲು ಆ ಕಾಲು ಒಪ್ಪಲಿಲ್ಲ.

ಭಾವನಿಗೆ ನೋವಿಗಿಂತ ಹೆಚ್ಚಾಗಿ ಸಂಕಟ ಕೊಟ್ಟದ್ದು ಬೇರೆ. ಅವರು ಹತ್ತುವವರೆಗೆ ಬಸ್ಸು ನಿಂತಿರುತ್ತಿತ್ತು, ಒಳಗಿದ್ದವರೆಲ್ಲ ಕುತ್ತಿಗೆ ಚಾಚಿ ನೋಡುತ್ತಿದ್ದರು. ಮದುವೆಮನೆಯಲ್ಲಿ ಅವರು ಬಂದು ಕೂರಲಿ ಎಂದು ಪಂಕ್ತಿಯಲ್ಲಿ ಊಟ ತಡೆದು ಹಿಡಿಯುತ್ತಿದ್ದರು. ಎಲ್ಲರೂ ಪ್ರೀತಿಯಿಂದಲೇ ಕಾಯುತ್ತಿದ್ದರು, ಅದೇ ತೊಂದರೆ. ಕೊನೆಗೆ ಭಾವ ಮನೆಯಿಂದ ಹೊರಗೆ ಬರುವುದನ್ನೇ ನಿಲ್ಲಿಸಿದರು. ಜೊತೆಯ ಡ್ರೈವರುಗಳು ಮಾತಾಡಿಸಲು ಬಂದರೆ ಕೊಟ್ಟಿಗೆಗೆ ಹೋಗಿ ಹಸುಗಳ ಹಿಂದೆ ನಿಂತುಬಿಡುತ್ತಿದ್ದರಂತೆ. ಬೇಸಾಯ, ಹಾಲು ಕರೆಯುವುದು, ಡೈರಿಗೆ ಹಾಕುವುದು ಎಲ್ಲ ಅಕ್ಕನ ತಲೆಗೆ ಬಿತ್ತು. ಅದಕ್ಕವಳು ಹೆದರಲಿಲ್ಲ. ಅವಳ ಹೆದರಿಕೆಯೆಲ್ಲ ಗಂಡ ಹೀಗೇ ಕೊಟ್ಟಿಗೆಯಲ್ಲಿ ಕಳೆದುಹೋಗಿಬಿಟ್ಟರೆ ಎಂಬುದಾಗಿತ್ತು.

ಒಂದು ಮಧ್ಯಾಹ್ನ ಅಕ್ಕ ಟಿ.ವಿ.ಯನ್ನು ಹಳೆ ಸೀರೆಯಲ್ಲಿ ಸುತ್ತಿ, ಆಟೋದಲ್ಲಿಟ್ಟುಕೊಂಡು ಬಂದಿಳಿದಳು. ಪಕ್ಕದಲ್ಲಿ ಭಾವ. ಟಿ.ವಿ. ಕೆಟ್ಟು ನಿಂತಿದೆ, ಒಬ್ಬಳ ಕೈಯಲ್ಲಿ ಹಿಡಿದುಕೊಂಡು ಬರಲು ಆಗುವುದಿಲ್ಲ, ಅದಕ್ಕೆ ಇವರನ್ನೂ ಎಬ್ಬಿಸಿಕೊಂಡು ಬಂದೆ ಎಂದಳು. ನಾನು ಹಿಂಬದಿ ಮುಚ್ಚಳ ಬಿಚ್ಚಿ ನೋಡಿದೆ. ಒಳಗೆ ಎಲ್ಲ ಸರಿಯಾಗಿತ್ತು, ಒಂದು ತಂತಿ ಮಾತ್ರ ಕುಡುಗೋಲಿನಲ್ಲಿ ಕುಯ್ದ ಹಾಗೆ ನೀಟಾಗಿ ತುಂಡಾಗಿತ್ತು. ಅಕ್ಕನ ಮುಖ ನೋಡಿದೆ. ಅವಳು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದಳು.

ಇಲಿ ಕಡಿದಿದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂದೆ. ಬೆಸುಗೆ ಹಾಕುವುದು ಒಂದು ಬೀಡಿ ಸೇದುವಷ್ಟರ ಕೆಲಸ. ಅದನ್ನು ಸಂಜೆಯವರೆಗೆ ಎಳೆದೆ. ಇಂಥ ಅಕ್ಕ ಇರುವುದು ಎಷ್ಟು ಜನರಿಗೆ ಎಂದು ಅವತ್ತು ಒಳಗೊಳಗೇ ಬೀಗಿದೆ.

ಅಷ್ಟರಲ್ಲಿ ಭಾವನ ಕಣ್ಣು ಕಂಪ್ಯೂಟರಿನ ಮೇಲೆ ಬಿದ್ದಿತ್ತು. ಕಾಲೇಜು ಹುಡುಗನೊಬ್ಬ ಕಾರನ್ನು ಗೋಡೆಗೆ ಗುದ್ದಿಸಿ ಗುದ್ದಿಸಿ ಆಡುತ್ತಿದ್ದ. ಭಾವ ತುಟಿ ಕಚ್ಚಿಕೊಂಡು ನೋಡಿದರು. ಹುಡುಗ ಎದ್ದುಹೋದ ಮೇಲೆ ಮೆಲ್ಲಗೆ ಕೇಳಿದರು.

"ಇದ್ಕೆ ಕ್ಲಚ್ಚಿಲ್ವೇನ್ಲಾ?"

"ಇಲ್ಲ ಭಾವ. ಬೆರಳಲ್ಲಿ ಒತ್ತೋ ಬಟನ್ನು, ಅಷ್ಟೇಯ."

ಭಾವ ಕೋಲನ್ನು ಮೇಜಿಗೆ ಒರಗಿಸಿ ಕೂತರು. ಕಾರು, ಬಸ್ಸು ಎಲ್ಲ ಬಿಟ್ಟು ಎಲ್ಲಕ್ಕಿಂತ ದೊಡ್ಡ ಲಾರಿಯನ್ನು ಆರಿಸಿಕೊಂಡರು. ಹೊರಟ ಕೂಡಲೇ ಎದುರಿನಿಂದ ಬಂದ ಗಾಡಿಗಳೆಲ್ಲ ಬಂದು ಬಂದು ಡಿಕ್ಕಿ ಹೊಡೆದವು. ಭಾವನಿಗೆ ಸಿಟ್ಟು ಬಂತು. ಇಡೀ ಊರಿಗೆ ಊರೇ ರಾಂಗ್ ಸೈಡಲ್ಲಿ ಬರುತ್ತಿದೆಯಲ್ಲ, ಇವರಿಗೆಲ್ಲ ಲೈಸೆನ್ಸು ಕೊಟ್ಟವನು ಯಾರು ಎಂದು ಬೈದರು. ಆ ದೇಶದಲ್ಲಿ ಬಲಗಡೆಗೆ ಓಡಿಸುತ್ತಾರೆ ಎಂದು ನಾನು ಹೇಳಿದೆ. ಅವರಿಗೆ ಅದು ಸರಿಬೀಳಲಿಲ್ಲ. ಆದರೂ ಸಂಜೆಯ ಹೊತ್ತಿಗೆ ಬಲಕ್ಕೆ ಒಗ್ಗಿಕೊಂಡಿದ್ದರು.

ಆಮೇಲೆ, ಹತ್ತುವಾಗ ಜನ ನೋಡುವುದನ್ನೂ ನುಂಗಿಕೊಂಡು, ಬಸ್ಸು ಹಿಡಿದು ತಾವೇ ಬರತೊಡಗಿದರು. ಟಿ.ವಿ. ನೆಪ ಬೇಕಾಗಲಿಲ್ಲ. ಅಂಗಡಿಯಲ್ಲಿ ಜನ ಕಡಿಮೆ ಇರುವ ಹೊತ್ತು ನೋಡಿ ಬಂದು, ಲಾರಿ ಹತ್ತಿ, ಆ ಪಟ್ಟಣವನ್ನೆಲ್ಲ ಒಬ್ಬರೇ ಸುತ್ತುತ್ತಿದ್ದರು. ರೇಸಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಸಿಗ್ನಲ್ಲು ಕೆಂಪಾದರೆ ನಿಲ್ಲುತ್ತಿದ್ದರು. ನಿಲ್ಲದಿದ್ದರೆ ಕೇಳುವವರು ಯಾರೂ ಇಲ್ಲ, ಆದರೂ ನಿಲ್ಲುತ್ತಿದ್ದರು. ಎರಡು ಕಟ್ಟಡಗಳ ನಡುವಿನ ಸಂದಿಗೆ ಲಾರಿಯನ್ನು ರಿವರ್ಸಿನಲ್ಲಿ ತೂರಿಸಿ, ನೆರಳಿನಲ್ಲಿ ನಿಲ್ಲಿಸಿ, ಬೆರಳು ತೆಗೆದು ಸುಮ್ಮನೆ ಕೂತಿರುತ್ತಿದ್ದರು. ಆ ಪರದೇಶದ ಊರಿನಲ್ಲಿ ಅವರಿಗಾಗಿ ಯಾರೂ ಕಾಯುತ್ತಿರಲಿಲ್ಲ. ಎಲ್ಲಿಗೆ ಹೊರಟೆ, ಕಾಲು ಹೇಗಿದೆ ಎಂದು ಕೇಳುವವರಿರಲಿಲ್ಲ. ಒಬ್ಬನೇ ಆಡುವವನಿಗೆ ಬೇಕಾದದ್ದು ಅದೇ ಎಂದು ನನಗೆ ಅರ್ಥವಾದದ್ದು ಭಾವನ ಬೆನ್ನು ನೋಡುತ್ತಾ.

ಎಲ್ಲರಿಗೂ ಅದೇ ಬೇಕೆಂದೇನಲ್ಲ. ಶ್ರೀರಂಗಪಟ್ಟಣದಲ್ಲಿ ಕೋಟೆ ಗೋಡೆಯ ಪಕ್ಕ ಸ್ಕೂಟರ್ ಗ್ಯಾರೇಜು ಇಟ್ಟಿದ್ದ ನನ್ನ ಗೆಳೆಯನೊಬ್ಬ ಶುಕ್ರವಾರದ ನಮಾಜು ಮುಗಿಸಿಕೊಂಡು ಬರುತ್ತಿದ್ದ. ಅವನು ಎಲ್ಲಕ್ಕಿಂತ ಚೆಂದದ ಕಾರು ಹಿಡಿದು ನಜ್ಜುಗುಜ್ಜಾಗುವವರೆಗೆ ಗುದ್ದಿಸುತ್ತಿದ್ದ. ವಾರವೆಲ್ಲ ಬೇರೆಯವರು ಒಡೆದದ್ದನ್ನು ಸರಿ ಮಾಡುತ್ತೇನೆ, ಇಲ್ಲಾದರೂ ನಾನು ಒಡೆಯುತ್ತೇನೆ ಬಿಡು ಭಾಯ್ ಎನ್ನುತ್ತಿದ್ದ. ಕಾಲೇಜು ಹುಡುಗರ ರಾಗ ಬೇರೆ. ಕಂಪ್ಯೂಟರಿನ ಎದುರು ಗೆದ್ದರೆ ಏನು ಬಂತು, ಸೋತವನು ಪಕ್ಕದಲ್ಲಿ ಕೂತು ಒದ್ದಾಡಬೇಕು, ಆಗ ಗೆದ್ದದ್ದು ಗೆದ್ದಂತೆ ಎಂದು ನನ್ನ ತಲೆ ತಿಂದರು. ಆ ಆಟದಲ್ಲಿ ಇಬ್ಬರು ಸೇರಿ ಆಡುವ ದಾರಿಯೂ ಇದೆಯೆಂದು ಪರದೆಯ ಮೇಲೆ ಬರೆದಿತ್ತು. ಅದಕ್ಕೆ ಇನ್ನೊಂದು ಕಂಪ್ಯೂಟರು ಬೇಕು, ನಡುವೆ ತಂತಿ ಬೇಕು.

ಇನ್ನೊಂದನ್ನು ಜೋಡಿಸಿದೆ. ತಂತಿಗೆ ಬೇಕಾದ ಪಿನ್ನುಗಳನ್ನು ಗ್ಯಾರೇಜಿನ ಗೆಳೆಯ ಎಲ್ಲಿಂದಲೋ ಹುಡುಕಿ ತಂದ. ಬೆಸುಗೆ ನಾನೇ ಹಾಕಿದೆ. ಹಾಕಿ ನೋಡಿದರೆ ಎರಡೂ ಕಂಪ್ಯೂಟರುಗಳು ಒಂದನ್ನೊಂದು ಕಂಡಿಲ್ಲದ ಹಾಗೆ ಕೂತವು. ದಿನಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ನಾನು ಇದರ ಬಾಯಿಯನ್ನು ಅದರ ಬಾಯಿಗೇ ಕಟ್ಟಿದ್ದೆ. ಇಬ್ಬರೂ ಮಾತಾಡುತ್ತಿದ್ದಾರೆ, ಕೇಳಿಸಿಕೊಳ್ಳುವವರಿಲ್ಲ. ಇದರ ಬಾಯಿಯ ತಂತಿಯನ್ನು ಅದರ ಕಿವಿಗೆ, ಅದರದನ್ನು ಇದರ ಕಿವಿಗೆ ಅದಲುಬದಲು ಮಾಡಿದೆ. ಈ ಪರದೆಯ ಮೇಲಿನ ಕಾರು ಆ ಪರದೆಯಲ್ಲಿ ಮೂಡಿತು. ನನಗೆ ಆವತ್ತು ಆದ ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ. ಈ ಮಾತು ಮನೆಯವಳಿಗೂ ಗೊತ್ತು.

ಜೋಡಿ ಆಟಕ್ಕೆ ಮೊದಲು ಕೂತವರು ಕಾಲೇಜು ಹುಡುಗರು, ಅವರು ನಿರೀಕ್ಷೆಯಂತೆ ಗುದ್ದಾಡಿಕೊಂಡರು. ನನ್ನನ್ನು ತಬ್ಬಿಬ್ಬು ಮಾಡಿದವರು ಸಿಂಧಘಟ್ಟದ ಅಣ್ಣತಮ್ಮಂದಿರು. ಕಾರ್ಖಾನೆಗೆ ಕಬ್ಬಿನ ಟ್ರಾಕ್ಟರು ತಂದವರು, ತೂಕಕ್ಕೆ ಸರದಿ ಬರುವವರೆಗೆ ನನ್ನಲ್ಲಿಗೆ ಬರುತ್ತಿದ್ದರು. ಇಬ್ಬರನ್ನೂ ರೇಸಿಗೆ ಬಿಟ್ಟೆ. ಅಣ್ಣ ಒಳ್ಳೆ ಜೋರಾಗಿ ಹೊರಟು ಸೇತುವೆಯ ಹತ್ತಿರ ಗಕ್ಕನೆ ನಿಂತುಬಿಟ್ಟ. ತಮ್ಮನ ಕಾರು ಹಿಂದೆ ಎಲ್ಲೋ ಕಂಬಕ್ಕೆ ಸಿಕ್ಕಿಕೊಂಡಿತ್ತು. ಹೊತ್ತು ಮೀರಿತು, ಇಬ್ಬರೂ ಸೋತಿರಿ ಎಂದು ಪರದೆ ಹೇಳಿತು. ನನ್ನ ಹೊಸ ತಂತಿಗೆ ಆದ ಅವಮಾನ ನೋಡಿ ನಾನು ರೇಗಿದೆ. ಇದು ರೇಸು ಕಣಯ್ಯ, ಯಾಕೆ ನಿಂತೆ ಎಂದೆ. ಅವನು ನನ್ನನ್ನೇ ತಿಳುವಳಿಕೆ ಇಲ್ಲದವನ ಹಾಗೆ ನೋಡಿದ.

"ಸಾಲಾಗ್ ಒಂಟ್ಮೇಲೆ ಮುಂದಿರೋನು ಕಾಯ್ಬೇಕು ಕಣಣ್ಣ. ಇಂದ್ಲವ್ನ್ ಬುಟ್ಟು ಓಗಕಾಯ್ತದಾ?"

ಕಬ್ಬಿನ ಗಾಡಿಯವರ ಪದ್ಧತಿ ಅದು. ಒಂದೂರಿನ ಗಾಡಿಗಳು ಸಾಲು ಕಟ್ಟಿ ಹೊರಟರೆ, ಹಿಂದಿನ ಯಾವ ಗಾಡಿಯ ಅಚ್ಚು ಮುರಿದರೂ, ಎತ್ತು ಕುಂಟಿದರೂ ಮುಂದಿನವನು ನಿಂತುಕೊಳ್ಳಬೇಕು. ಎತ್ತಿನ ಗಾಡಿ ಹೋಗಿ ಟ್ರಾಕ್ಟರು ಬಂದರೂ ಅದು ಬದಲಾಗಿರಲಿಲ್ಲ. ನಮ್ಮಪ್ಪನೂ ಗಾಡಿ ಹೊಡೆದವನೇ, ನನಗೆ ಗೊತ್ತಿರದ ವಿಷಯವೇನಲ್ಲ. ಆಟ ಮಾಡಿದ ಪರದೇಶದವನಿಗೆ ಗೊತ್ತಿರಲಿಲ್ಲ, ಅಷ್ಟೆ. ಆಮೇಲೆ ಈ ಅಣ್ಣತಮ್ಮಂದಿರಿಗೆ ರೇಸು ತೆಗೆದು ಬರೀ ತಿರುಗಾಟ ಹಾಕಿಕೊಟ್ಟೆ. ಒಬ್ಬರ ಹಿಂದೊಬ್ಬರು ಊರೆಲ್ಲ ಸುತ್ತಿ ತೃಪ್ತಿಯಿಂದ ಎದ್ದುಹೋದರು. ನಮ್ಮ ಕಡೆಯ ಜನ ಎಂದು ನನಗೆ ಅಭಿಮಾನವೇ ಆಯಿತು.

ನಾನು ತಪ್ಪಿದ್ದು ಭಾವನ ವಿಷಯದಲ್ಲಿ. ಅಷ್ಟು ಚೆನ್ನಾಗಿ ಲಾರಿ ಓಡಿಸುವವರು ಒಬ್ಬರೇ ಯಾಕೆ ಓಡಿಸಬೇಕು, ನಾಲ್ಕು ಜನ ನೋಡಲಿ ಎಂದು ನನ್ನ ಆಸೆ. ಒಂದು ದಿನ ಅಂಗಡಿ ತುಂಬಿದ್ದಾಗ, ಜೊತೆಗೊಂದು ಆಟ ಆಡೋಣ ಬನ್ನಿ ಭಾವ ಎಂದು ಎಲ್ಲರೆದುರು ಕೈ ಹಿಡಿದು ಎಳೆದೆ. ಭಾವ ಕೈ ಬಿಡಿಸಿಕೊಂಡು ಕೋಲು ತೆಗೆದುಕೊಂಡರು. ಬಾಗಿಲಿನವರೆಗೆ ನಾನೂ ಹೋದೆ.

"ಜೊತೆ ಅಂದ್ರೆ ನನ್ಗೋಸ್ಕರ ಇನ್ನೊಬ್ಬ ನಿಂತ್ಕಬೇಕು ಕಣ್ಲಾ. ಎಲ್ರೂ ಕಾದೂ ಕಾದೂ ಸಾಕಾಗವ್ರೆ. ಇದೊಂದ್ರಾಗಾರ ನನ್ನ ಒಬ್ಬನ್ನೇ ಬುಟ್ಬುಡು."

ಆ ದಿನದಿಂದ ಅವರು ಬರಲಿಲ್ಲ. ಮತ್ತೆ ಕೊಟ್ಟಿಗೆ, ಮತ್ತೆ ಹಸುಗಳು. ವಾರ ಕಳೆಯುವುದರೊಳಗೆ ಅಕ್ಕ ಉರಿಯುತ್ತಾ ಅಂಗಡಿಗೆ ಬಂದಳು. ಗಂಡನನ್ನು ಹೊರಗೆ ತರಲು ಅವಳು ಪಟ್ಟ ಪಾಡನ್ನೆಲ್ಲ ನಾನೊಬ್ಬ ಒಂದು ಗಳಿಗೆಯಲ್ಲಿ ಹಾಳು ಮಾಡಿದೆನೆಂದು ಬೈದಳು. ನಾನು ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ, ಆಮೇಲೆ ಭಾವ ಹೇಳಿದ್ದನ್ನು ಹೇಳಿದೆ. ಅಕ್ಕ ಆ ಎರಡು ಕಂಪ್ಯೂಟರುಗಳನ್ನು, ನಡುವಿನ ತಂತಿಯನ್ನು ನೋಡುತ್ತಾ ಕೂತಿದ್ದಳು.

ಮುಂದಿನ ಸಲ ಅವರಿಬ್ಬರೂ ಒಟ್ಟಿಗೆ ಬಂದರು. ಹೇಗೆ ಕರೆತಂದಳೋ ನನಗೆ ಹೇಳಲಿಲ್ಲ, ಈ ಸಲ ಅವಳ ಕೈಯಲ್ಲಿ ಟಿ.ವಿ. ಇರಲಿಲ್ಲ. ಸಿಂಧಘಟ್ಟದವರು, ಕಾಲೇಜು ಹುಡುಗರು ಎಲ್ಲ ಇದ್ದ ಹೊತ್ತೇ ಅದು. ಭಾವ ಬಾಗಿಲಲ್ಲೇ ತಡೆದು ನಿಂತರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಹೋಗಿ ಒಂದು ಕಂಪ್ಯೂಟರಿನ ಮುಂದೆ ಕೂತಳು. ಇಷ್ಟು ವರ್ಷ ಮದುವೆಯಾಗಿ ಒಂದು ದಿನವೂ ಗಂಡನ ಲಾರಿಯ ಜೊತೆ ಹೋದವಳಲ್ಲ, ಇವತ್ತು ಹೋಗುತ್ತೇನೆ, ಇವರು ಎಲ್ಲೆಲ್ಲಿ ಸುತ್ತುತ್ತಾರೋ ನೋಡಬೇಕು ಎಂದಳು. ಇನ್ನೊಂದರ ಮುಂದೆ ಭಾವ ಕೂರಲೇಬೇಕಾಯಿತು.

ನನ್ನ ಅಕ್ಕನಂಥ ಕೆಟ್ಟ ಡ್ರೈವರನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಸೈಕಲ್ಲಿನ ಹ್ಯಾಂಡಲ್ಲನ್ನೂ ಹಿಡಿದವಳಲ್ಲ ಅವಳು. ಕಾರು ಇದ್ದಲ್ಲೇ ಗಾಣದೆತ್ತಿನ ಹಾಗೆ ಸುತ್ತಿತು, ಪಾರ್ಕಿಗೆ ನುಗ್ಗಿತು, ಅಲ್ಲಿಂದ ನೆಟ್ಟಗೆ ನದಿಗೆ ಇಳಿಯಿತು. ಆಟವೇ ಅದನ್ನು ಎತ್ತಿ ಮತ್ತೆ ರಸ್ತೆಗೆ ತಂದು ನಿಲ್ಲಿಸಿತು. ಹುಡುಗರು ನಕ್ಕರು. ಸಿಂಧಘಟ್ಟದ ಅಣ್ಣ ತಿರುಗಿ ನೋಡಿದ, ನಗು ನಿಂತಿತು. ಬೇಕೆಂದೇ ಹಾಗೆ ಓಡಿಸಿದಳೋ ಎಂದು ಕೆಲವರು ನನ್ನನ್ನು ಆಮೇಲೆ ಕೇಳಿದ್ದುಂಟು. ತಂತಿ ಕುಯ್ಯುವಷ್ಟು ಉಪಾಯಗಾತಿ ನಿಜ, ಆದರೆ ಅವತ್ತಿನ ಡ್ರೈವಿಂಗು ಅಸಲಿ.

ಭಾವನ ಲಾರಿ ಅಷ್ಟರಲ್ಲಿ ಸೇತುವೆ ತಲುಪಿತ್ತು. ಅಲ್ಲಿ ನಿಂತಿತು. ಭಾವ ತಲೆ ಓರೆ ಮಾಡಿ ಅಕ್ಕನ ಪರದೆ ನೋಡಿದರು, ತಮ್ಮದನ್ನು ನೋಡಿದರು. ಲಾರಿಯನ್ನು ಹಿಂದಕ್ಕೆ ತಿರುಗಿಸಿಕೊಂಡು, ಅವಳ ಕಾರು ನಿಂತಿದ್ದ ಕಡೆಗೆ ಬಂದು, ಮುಂದೆ ನಿಲ್ಲಿಸಿ ಹಾರ್ನು ಹೊಡೆದರು. ನನ್ನ ಹಿಂದಿನ ದೀಪ ನೋಡಿಕೊಂಡು ಬಾ, ಬೇರೆ ಏನನ್ನೂ ನೋಡಬೇಡ ಎಂದರು. ಎರಡು ಗಜ ಹೋಗುವುದು, ನಿಲ್ಲುವುದು, ಎರಡು ಗಜ ಹೋಗುವುದು, ನಿಲ್ಲುವುದು. ಕೊನೆಗೆ ಅಕ್ಕ, ಎಲ್ಲರೂ ನೋಡುತ್ತಿದ್ದಾರೆ, ತನ್ನಿಂದ ಎಲ್ಲರಿಗೂ ಹೊತ್ತಾಯಿತು, ಸಾಕು ಎಂದು ಏಳಲು ಹೋದಳು.

"ಕೂತ್ಕ. ಕಾಯ್ತೀನಿ, ಮೆಲ್ಲುಕ್ ಬಾ. ನಂಗೇನ್ ಅರ್ಜೆಂಟಿಲ್ಲ."

ಕಾಲು ಮುರಿದಾಗಿನಿಂದ ಎಲ್ಲರನ್ನೂ ಕಾಯಿಸುತ್ತಿದ್ದೇನೆಂದು ಕುಗ್ಗಿಹೋಗಿದ್ದ ಮನುಷ್ಯ ಅವತ್ತು ಮೊದಲ ಸಲ ತಾನು ಕಾಯುವವನಾಗಿದ್ದ. ಅವರ ಬೆನ್ನು ನೆಟ್ಟಗಾಗಿತ್ತು. ಜೊತೆಯಲ್ಲಿ ಆಡುವವನಿಗೆ ಗೆಲುವೇ ಬೇಕೆಂದು ನಾನು ತಿಳಿದಿದ್ದೆ. ತನ್ನ ಅಗತ್ಯ ಇರುವ ಒಬ್ಬರು ಹಿಂದೆ ಬರುತ್ತಿದ್ದರೆ ಸಾಕು ಎಂದು ಭಾವನನ್ನು ನೋಡಿ ಕಲಿತೆ. ಅವರಿಬ್ಬರೂ ಆ ಸೇತುವೆ ದಾಟಿದಾಗ ಸಿಂಧಘಟ್ಟದ ಅಣ್ಣ, ಭೇಷಾಯ್ತು ಬುಡಕ್ಕ ಎಂದ.

ಅದಾದ ಮೇಲೆ ಭಾವ ಯಾರು ಇದ್ದರೂ ಬಂದು ಕೂರುತ್ತಿದ್ದರು. ಸಿಂಧಘಟ್ಟದ ಅಣ್ಣತಮ್ಮಂದಿರಲ್ಲಿ ಯಾರು ಜೊತೆಗೆ ಕೂತರೂ ಸಾಲಿನಲ್ಲಿ ಮುಂದಿನ ಗಾಡಿ ಭಾವನದೇ ಆಯಿತು. ಒಂದು ಶುಕ್ರವಾರ ಗ್ಯಾರೇಜಿನ ಗೆಳೆಯ ಇದ್ದಾಗ, ಕಾಲಲ್ಲಿ ಅಲ್ಲದೆ ಕೈಯಲ್ಲಿ ಕ್ಲಚ್ಚು ಹಿಡಿಯುವ ನಿಜವಾದ ಗಾಡಿ ಯಾವುದಿದೆ ಎಂದು ತಾವಾಗಿಯೇ ಕೇಳಿದರು. ಗೆಳೆಯ ಹಣೆ ಚಚ್ಚಿಕೊಂಡ.

"ಅರೆ ಭಾಯ್, ಸ್ಕೂಟರ್ ಇಲ್ವಾ? ಕ್ಲಚ್ಚೂ ಕೈಯಾಗೇ, ಗೇರೂ ಕೈಯಾಗೇ. ಎಡಗಾಲಿಗೆ ಕೆಲ್ಸಾನೇ ಇಲ್ಲ."

ನಮಗೆ ಯಾರಿಗೂ ಅದುವರೆಗೆ ಹೊಳೆದಿರಲಿಲ್ಲ. ಭಾವ ಲಾರಿ ಡ್ರೈವರು, ಸ್ಕೂಟರನ್ನು ಗಾಡಿ ಎಂದು ಒಪ್ಪಿಕೊಂಡವರೇ ಅಲ್ಲ, ಅದಕ್ಕೆ ಅವರಿಗೂ ಹೊಳೆದಿರಲಿಲ್ಲ. ಗೆಳೆಯ ತನ್ನ ಗ್ಯಾರೇಜಿನಲ್ಲಿದ್ದ ಹಳೆಯದೊಂದನ್ನು ರಿಪೇರಿ ಮಾಡಿಕೊಟ್ಟ. ಕೋಟೆಯ ಹೊರಗಿನ ರಸ್ತೆಯಲ್ಲಿ ಭಾವ ಅದನ್ನು ಓಡಿಸಿಕೊಂಡು ಬಂದಾಗ ನಾನೂ ಅವನೂ ಎರಡೂ ಕಡೆ ನಿಂತಿದ್ದೆವು, ಬಿದ್ದರೆ ಹಿಡಿಯೋಣವೆಂದು. ಅವರು ನಮ್ಮಿಬ್ಬರ ಕಡೆಗೂ ನೋಡದೆ ಹೋಗಿ ತಿರುಗಿಸಿಕೊಂಡು ಬಂದರು. ಮಾರನೆಯ ವಾರದಿಂದ ಹಾಲಿನ ಕ್ಯಾನು ಡೈರಿಗೆ ಸ್ಕೂಟರಿನಲ್ಲಿ ಹೋಯಿತು. ಆಮೇಲೆ ಅವರು ಅದೇ ಡೈರಿಗೆ ಊರೂರಿನಿಂದ ಹಾಲು ಕೂಡಿಸಿ ತರುವ ಕೆಲಸ ಹಿಡಿದರು.

ಕಂಪ್ಯೂಟರು, ತಂತಿ ಎಲ್ಲ ಹಳೆಯದಾಗುತ್ತಾ ಬಂದಾಗ ಒಂದು ಬೆಳಗ್ಗೆ ನಾನು ಸೈಕಲ್ಲಿನಲ್ಲಿ ಚಿನಕುರಳಿಗೆ ಹೊರಟಿದ್ದೆ. ನಾಲೆಯ ಸೇತುವೆಯ ಮೇಲೆ ಭಾವ ಸ್ಕೂಟರು ನಿಲ್ಲಿಸಿಕೊಂಡು, ಬಲಗಾಲು ಊರಿ, ಬಂದ ದಾರಿಯನ್ನೇ ನೋಡುತ್ತಾ ಕೂತಿದ್ದರು. ಗಾಡಿ ಕೆಟ್ಟಿತೇನೋ ಎಂದು ನನಗೆ ಗಾಬರಿ. ಏನಾಯ್ತು ಭಾವ ಎಂದೆ. ಅವರು ದಾರಿಯ ಕಡೆ ಗದ್ದ ಎತ್ತಿ ತೋರಿಸಿದರು. ದೂರದಲ್ಲಿ ಹೊಸ ಮೊಪೆಡ್ಡೊಂದು ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಓಲಾಡುತ್ತಾ ಬರುತ್ತಿತ್ತು. ಸೊಂಟಕ್ಕೆ ಸಿಕ್ಕಿಸಿದ ಸೆರಗು ನೋಡಿಯೇ ಗುರುತು ಹಿಡಿದೆ.

"ನಿಮ್ಮಕ್ಕ ಬತ್ತಾವ್ಳೆ ಕಣ್ಲಾ," ಎಂದರು ಭಾವ. ಲಾರಿ ಓಡಿಸುತ್ತಿದ್ದ ಕಾಲದಲ್ಲೂ ಅವರ ದನಿಯಲ್ಲಿ ಆ ಜಂಬ ಇರಲಿಲ್ಲ.

ನಾನು ಸೈಕಲ್ ಇಳಿದು ಅವರ ಪಕ್ಕದಲ್ಲಿ ನಿಂತುಕೊಂಡೆ.